ಮನಸ್ಸು ಯಾವ ಕಡೆಗೆ ಸೇರಿದ್ದು? ದೇಹ, ಜೀವ ಮತ್ತು ನಂಬಿಕೆಯ ಹಳೆಯ ಚರ್ಚೆ

ಸೇಡಂ ತಾಲ್ಲೂಕಿನ ಮಳಖೇಡ ಎಂದರೆ ಈಗ ಹೆಚ್ಚಿನವರಿಗೆ ಕಾಗಿಣಾ ನದಿಯ ದಂಡೆಯ ಹಾಳುಕೋಟೆ ನೆನಪಾಗುತ್ತದೆ. ಒಂಬತ್ತನೆಯ ಶತಮಾನದಲ್ಲಿ ಅದು ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ಆ ಅರಸನು ಗುರುವೆಂದು ನಮಿಸಿದ ಜೈನ ಮುನಿ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಬರೆದ ಆದಿಪುರಾಣದಲ್ಲಿ ಒಂದು ಸಭೆಯ ಪ್ರಸಂಗವಿದೆ. ಮಹಾಬಲನೆಂಬ ವಿದ್ಯಾಧರ ಅರಸನ ಹುಟ್ಟುಹಬ್ಬದ ದಿನ ಅವನ ನಾಲ್ವರು ಮಂತ್ರಿಗಳಲ್ಲಿ ವಾದ ಹುಟ್ಟುತ್ತದೆ. ಸ್ವಯಂಬುದ್ಧನು ಧರ್ಮದ ಮಾತು ಎತ್ತುತ್ತಾನೆ. ಧರ್ಮದ ಫಲ ಉಣ್ಣುವ ಜೀವವೇ ಇಲ್ಲವೆಂದು ಮಹಾಮತಿ ತಡೆಯುತ್ತಾನೆ. ಅರಿವೊಂದೇ ಇದೆ, ಹೊರಗಿನ ವಸ್ತುಗಳಿಲ್ಲ ಎಂದು ಸಂಭಿನ್ನಮತಿ ಹೇಳಿದರೆ, ಅದೂ ಇಲ್ಲ, ಎಲ್ಲವೂ ಶೂನ್ಯ ಎಂದು ಶತಮತಿ ಹೇಳುತ್ತಾನೆ. ಪಂಪ 941ರಲ್ಲಿ ಈ ಕಥೆಯನ್ನು ಕನ್ನಡಕ್ಕೆ ತಂದಾಗ ಈ ನಾಲ್ವರೂ ಜೊತೆಯಲ್ಲೇ ಬಂದರು. ದೇಹಕ್ಕೂ ಮನಸ್ಸಿಗೂ ಇರುವ ಸಂಬಂಧವೇನು ಎಂಬುದನ್ನು ಪಾಶ್ಚಾತ್ಯ ತತ್ವಶಾಸ್ತ್ರದ ಪ್ರಶ್ನೆಯೆಂದೇ ಕಾಲೇಜಿನಲ್ಲಿ ಓದಿದವರು, ಇದು ನಮ್ಮ ಸೀಮೆಯ ಅರಮನೆಯ ನೆರಳಿನಲ್ಲಿಯೇ ಸಾವಿರದ ನೂರು ವರ್ಷಗಳ ಹಿಂದೆ ಬಿಸಿಬಿಸಿಯಾಗಿ ಚರ್ಚೆಯಾಗಿತ್ತು ಎಂಬುದನ್ನು ಅರಿಯಬೇಕು.

ಮಹಾಮತಿಯದು ಲೋಕಾಯತರ ವಾದ. ಮಣ್ಣು, ನೀರು, ಬೆಂಕಿ, ಗಾಳಿ ಒಂದು ರೀತಿಯಲ್ಲಿ ಕೂಡಿದಾಗ ಅರಿವು ಹುಟ್ಟುತ್ತದೆ, ಆ ಕೂಟ ಬಿಡಿಬಿಡಿಯಾದಾಗ ಅರಿವೂ ಇಲ್ಲವಾಗುತ್ತದೆ. ಹಿಟ್ಟಿನಲ್ಲಿ ಅಮಲಿಲ್ಲ, ಬೆಲ್ಲದಲ್ಲಿ ಅಮಲಿಲ್ಲ, ನೀರಿನಲ್ಲೂ ಇಲ್ಲ. ಮೂರೂ ಸೇರಿ ಹುಳಿತಾಗ ಅಮಲು ಬರುತ್ತದೆ ಎಂಬುದು ಈ ವಾದದವರು ಕೊಡುತ್ತಿದ್ದ ದೃಷ್ಟಾಂತ. ಬಿಡಿಭಾಗಗಳಲ್ಲಿ ಇಲ್ಲದ ಗುಣ ಒಟ್ಟಿನಲ್ಲಿ ಹೊಸದಾಗಿ ಹುಟ್ಟಬಲ್ಲದು ಎಂಬ ಈ ವಿಚಾರ ಇಂದಿನ ಭೌತವಾದಿಗಳ ಮುಖ್ಯ ಆಧಾರವೂ ಹೌದು. ಸ್ವಯಂಬುದ್ಧನ ಉತ್ತರವೂ ಅಷ್ಟೇ ಗಟ್ಟಿಯಾದದ್ದು. ದೇಹ ಜಡ, ಚೈತನ್ಯ ಅರಿವುಳ್ಳದ್ದು. ಒಂದು ಹೊರಗೆ ತೋರುತ್ತದೆ, ಇನ್ನೊಂದು ಒಳಗೆ ತೋರುತ್ತದೆ. ಪರಸ್ಪರ ವಿರುದ್ಧವಾದ ಗುಣಗಳಿರುವ ಎರಡು ವಸ್ತುಗಳು ಒಂದೇ ಆಗಲಾರವು, ಆದ್ದರಿಂದ ಅವು ಒರೆ ಮತ್ತು ಕತ್ತಿಯಂತೆ ಬೇರೆ ಬೇರೆ ಎಂದು ಅವನು ಹೇಳುತ್ತಾನೆ. ಅಮಲಿನ ದೃಷ್ಟಾಂತಕ್ಕೆ ಇದು ನೇರವಾಗಿ ತಾಗುತ್ತದೆ. ಹಿಟ್ಟು ಬೆಲ್ಲಗಳಂತೆಯೇ ಅವುಗಳಿಂದ ಬಂದ ಹೆಂಡವೂ ಕಣ್ಣಿಗೆ ಕಾಣುವ ಪದಾರ್ಥವೇ ಆಗಿದೆ, ಅರಿವು ಮಾತ್ರ ಯಾರ ಕಣ್ಣಿಗೂ ಬೀಳದು, ಅದು ಇರುವವನಿಗಷ್ಟೇ ಗೊತ್ತು.

ಫ್ರಾನ್ಸಿನ ತತ್ವಜ್ಞಾನಿ ರೆನೆ ಡೆಕಾರ್ಟ್ 1641ರಲ್ಲಿ ಪ್ರಕಟಿಸಿದ ‘ಚಿಂತನೆಗಳು’ ಎಂಬ ಗ್ರಂಥದಲ್ಲಿ ಹೆಚ್ಚುಕಡಿಮೆ ಇದೇ ತರ್ಕವನ್ನು ಬಳಸಿದನು. ದೇಹಕ್ಕೆ ಉದ್ದ ಅಗಲಗಳಿವೆ, ಅದನ್ನು ತುಂಡು ಮಾಡಬಹುದು. ಆಲೋಚಿಸುವ ಮನಸ್ಸಿಗೆ ಉದ್ದವೂ ಇಲ್ಲ, ಅಗಲವೂ ಇಲ್ಲ, ಅದನ್ನು ತುಂಡು ಮಾಡಲಾಗದು. ಎರಡು ವರ್ಷಗಳ ನಂತರ, 1643ರಲ್ಲಿ, ಬೊಹೀಮಿಯಾದ ರಾಜಕುಮಾರಿ ಎಲಿಸಬೆತ್ ಅವನಿಗೆ ಪತ್ರ ಬರೆದು ಕೇಳಿದ ಪ್ರಶ್ನೆಗೆ ಇಂದಿಗೂ ಯಾರೂ ಸಮಾಧಾನಕರವಾದ ಉತ್ತರ ಕೊಟ್ಟಿಲ್ಲ. ಒಂದು ವಸ್ತುವನ್ನು ಸರಿಸಬೇಕಾದರೆ ಅದನ್ನು ಮುಟ್ಟಬೇಕು, ಮುಟ್ಟಬೇಕಾದರೆ ಮೈ ಇರಬೇಕು. ಮೈಯೇ ಇಲ್ಲದ ಮನಸ್ಸು ಕೈಯನ್ನು ಎತ್ತುವುದಾದರೂ ಹೇಗೆ? ಮೆದುಳಿನ ನಡುವೆ ಇರುವ ಒಂದು ಸಣ್ಣ ಗ್ರಂಥಿಯಲ್ಲಿ ಎರಡೂ ಕೂಡುತ್ತವೆ ಎಂದು ಡೆಕಾರ್ಟ್ ಹೇಳಿದ್ದು ಜಾಗವನ್ನು ತೋರಿಸಿತೇ ಹೊರತು ಬಗೆಯನ್ನು ತೋರಿಸಲಿಲ್ಲ. ಜೈನರಿಗೆ ಈ ತೊಡಕು ಸ್ವಲ್ಪ ಹಗುರ, ಏಕೆಂದರೆ ಅವರ ಪ್ರಕಾರ ಜೀವವು ತಾನಿರುವ ದೇಹದಷ್ಟೇ ಹರಡಿಕೊಳ್ಳುತ್ತದೆ ಮತ್ತು ಅದಕ್ಕೆ ಅಂಟಿಕೊಳ್ಳುವ ಕರ್ಮವೂ ಒಂದು ಬಗೆಯ ಸೂಕ್ಷ್ಮ ಪುದ್ಗಲವೇ, ಅಂದರೆ ಜಡದ್ರವ್ಯವೇ.

ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದು. ದೇವರನ್ನು ನಂಬುವವರೆಲ್ಲ ಡೆಕಾರ್ಟ್‌ನ ಪಕ್ಷದವರು, ನಂಬದವರೆಲ್ಲ ಮಹಾಮತಿಯ ಪಕ್ಷದವರು ಎಂದು ತಿಳಿಯುವುದು ದೊಡ್ಡ ತಪ್ಪು. ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದರಲ್ಲಿಯೇ ಮತಗಳ ನಡುವೆ ಭೇದವಿದೆ. ಡೆಕಾರ್ಟ್ ಮನಸ್ಸನ್ನು ಆತ್ಮದ ಕಡೆಗೆ ಸೇರಿಸಿದನು. ಸಾಂಖ್ಯರು ಮನಸ್ಸು, ಅಹಂಕಾರ, ಬುದ್ಧಿ ಮೂರನ್ನೂ ಜಡವಾದ ಪ್ರಕೃತಿಯ ಕಡೆಗೆ ಸೇರಿಸಿ, ಬರಿಯ ಸಾಕ್ಷಿಯಾದ ಪುರುಷನನ್ನು ಮಾತ್ರ ಆಚೆ ನಿಲ್ಲಿಸಿದರು. ಅಂದರೆ ನೆನಪು, ಲೆಕ್ಕಾಚಾರ, ಸಿಟ್ಟು, ನಿರ್ಧಾರ ಇವೆಲ್ಲ ದೇಹದ ಸಂಸಾರಕ್ಕೆ ಸೇರಿದವು. ಛಾಂದೋಗ್ಯ ಉಪನಿಷತ್ತು ಇನ್ನೂ ಮುಂದೆ ಹೋಗಿ ಮನಸ್ಸು ಅನ್ನದಿಂದಾದದ್ದು ಎಂದು ನೇರವಾಗಿ ಹೇಳುತ್ತದೆ, ಅದನ್ನು ಒಂದು ಪ್ರಯೋಗದಿಂದ ತೋರಿಸಿಯೂ ಕೊಡುತ್ತದೆ. ಉದ್ದಾಲಕನು ಮಗ ಶ್ವೇತಕೇತುವಿಗೆ ಹದಿನೈದು ದಿನ ಊಟ ಬಿಟ್ಟು ನೀರು ಮಾತ್ರ ಕುಡಿಯಲು ಹೇಳುತ್ತಾನೆ. ಆಮೇಲೆ ವೇದ ಹೇಳೆಂದರೆ, ಹನ್ನೆರಡು ವರ್ಷ ಓದಿ ಬಂದ ಹುಡುಗನಿಗೆ ಒಂದೂ ನೆನಪಿಗೆ ಬರುವುದಿಲ್ಲ. ಹೋಗಿ ಉಂಡು ಬಾ ಎನ್ನುತ್ತಾನೆ ತಂದೆ. ಉಂಡು ಬಂದವನಿಗೆ ಕೇಳಿದ್ದೆಲ್ಲ ನೆನಪಾಗುತ್ತದೆ. ನೆನಪು ದೇಹದ ಪೋಷಣೆಯನ್ನು ಅವಲಂಬಿಸಿದೆ ಎಂದು ಒಪ್ಪಿಕೊಂಡ ಈ ಗ್ರಂಥವೇ ಮುಂದೆ ಆತ್ಮವನ್ನು ಕುರಿತು ‘ಅದು ನೀನೇ’ ಎಂದು ಉಪದೇಶಿಸುತ್ತದೆ. ಎರಡರ ನಡುವೆ ಅದಕ್ಕೆ ಯಾವ ವಿರೋಧವೂ ಕಂಡಿಲ್ಲ.

ಈ ಮಾತಿನ ಬೆಲೆ ಏನೆಂಬುದು ನನಗೆ ಆಳಂದದ ಕಡೆಯ ಒಂದು ಮನೆಯಲ್ಲಿ ಸ್ಪಷ್ಟವಾಯಿತು. ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದ ಹಿರಿಯರೊಬ್ಬರು ಅಲ್ಲಿದ್ದರು. ನೀರು ಬೇಕಾದರೆ ‘ನೀರು’ ಎನ್ನುವುದು ಅವರಿಂದ ಆಗುತ್ತಿರಲಿಲ್ಲ. ತುಟಿ ಅಲುಗುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಶಬ್ದ ಹೊರಡುತ್ತಿರಲಿಲ್ಲ. ಅವರು ಮೊದಲು ಅಮಾವಾಸ್ಯೆಯ ರಾತ್ರಿಗಳಲ್ಲಿ ಏಕತಾರಿ, ದಮ್ಮಡಿ ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುತ್ತಿದ್ದವರು. ಒಂದು ಸಂಜೆ ಹಳೆಯ ಮೇಳದವರು ಬಂದು ಹಾಸಿಗೆಯ ಪಕ್ಕದಲ್ಲಿ ಕುಳಿತು ಪದ ಎತ್ತಿಕೊಂಡಾಗ, ಪಲ್ಲವಿ ಎರಡನೆಯ ಸಲ ಬರುವಷ್ಟರಲ್ಲಿ ಅವರೂ ದನಿಗೂಡಿಸಿದರು, ಶಬ್ದಗಳು ಸ್ಪಷ್ಟವಾಗಿಯೇ ಬಂದವು. ಪದ ಮುಗಿದ ಮೇಲೆ ಮಾತಾಡಲು ಹೋದರೆ ಮತ್ತೆ ಬಾಯಿ ಕಟ್ಟಿತು. ಮನೆಯವರು ಇದನ್ನು ಗುರುವಿನ ಕೃಪೆ ಎಂದರು. ವೈದ್ಯರು ಹೇಳುವುದು ಇಷ್ಟು: ಮಾತನ್ನು ಹೊಂದಿಸುವ ಭಾಗ ಬಹುತೇಕ ಜನರಲ್ಲಿ ಎಡಮೆದುಳಿನಲ್ಲಿರುತ್ತದೆ, ರಾಗದೊಂದಿಗೆ ಬಾಯಿಪಾಠವಾದದ್ದು ಮಾತ್ರ ಬಲಮೆದುಳಿನ ನೆರವಿನಿಂದಲೂ ಹೊರಬರುತ್ತದೆ, ಆದ್ದರಿಂದ ಎಡಭಾಗಕ್ಕೆ ರಕ್ತ ನಿಂತು ಮಾತು ಹೋದವರಲ್ಲಿ ಹಾಡು ಉಳಿಯುವುದುಂಟು. ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ, ‘ತಾನ್’ ಎಂಬ ಒಂದೇ ಶಬ್ದ ಉಳಿದಿದ್ದ ರೋಗಿಯೊಬ್ಬನು ಸತ್ತ ಮೇಲೆ ಅವನ ಮೆದುಳನ್ನು ಪರೀಕ್ಷಿಸಿ ಎಡ ಮುಂಭಾಗದಲ್ಲಿ ಹಾನಿಯಾಗಿದ್ದನ್ನು ತೋರಿಸಿದಂದಿನಿಂದ ಈ ತಿಳಿವಳಿಕೆ ಬೆಳೆದು ಬಂದಿದೆ.

ಆ ಹಿರಿಯರ ಭಕ್ತಿ ಎಲ್ಲಿತ್ತು, ಎಡಮೆದುಳಿನಲ್ಲಿಯೋ ಬಲಮೆದುಳಿನಲ್ಲಿಯೋ ಎಂದು ಕೇಳಿದರೆ ಪ್ರಶ್ನೆಯೇ ತಪ್ಪಾಗುತ್ತದೆ. ಆದರೆ ಮಾತು, ನೆನಪು, ಸ್ವಭಾವ ಇವು ಮೆದುಳಿನ ಸ್ಥಿತಿಯನ್ನು ಅವಲಂಬಿಸಿವೆ ಎಂಬುದರಲ್ಲಿ ಈಗ ಸಂಶಯಕ್ಕೆ ಎಡೆಯಿಲ್ಲ, ಅದನ್ನು ಒಪ್ಪಲು ನಂಬಿಕೆಯುಳ್ಳವರು ಹೆದರಬೇಕಾಗಿಯೂ ಇಲ್ಲ. ಒಪ್ಪದಿದ್ದರೆ ಆಗುವ ಹಾನಿ ಮಾತ್ರ ನಿಜವಾದದ್ದು. ನಮ್ಮ ಕಡೆ ಫಿಟ್ಸ್ ಬಂದವರ ಕೈಗೆ ಕೀಲಿಕೈ ಹಿಡಿಸುವುದು, ಚಪ್ಪಲಿ ಮೂಸಿಸುವುದು ಇನ್ನೂ ನಿಂತಿಲ್ಲ. ಗಾಳಿ ಸೋಕಿದೆ ಎಂದು ಒಂದು ಗುಡಿಯಿಂದ ಇನ್ನೊಂದು ದರ್ಗಾಕ್ಕೆ ಅಲೆದು ತಿಂಗಳುಗಟ್ಟಲೆ ಕಳೆಯುವವರಿದ್ದಾರೆ. ಮೂರ್ಛೆರೋಗಕ್ಕೆ ಸರಿಯಾದ ಮಾತ್ರೆಯನ್ನು ತಪ್ಪದೆ ತೆಗೆದುಕೊಂಡರೆ ನೂರರಲ್ಲಿ ಎಪ್ಪತ್ತರಷ್ಟು ಮಂದಿಗೆ ಫಿಟ್ಸ್ ಬಾರದಂತೆ ತಡೆಯಬಹುದು. ಲಕ್ವಾದಲ್ಲಂತೂ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಇರುವ ಅವಧಿ ನಾಲ್ಕೂವರೆ ಗಂಟೆ. ಆ ಹೊತ್ತನ್ನು ನಾಟಿ ಔಷಧದ ಹಳ್ಳಿಗೆ ಜೀಪು ಹುಡುಕುವುದರಲ್ಲಿ ಕಳೆದರೆ ಮಾತು ಮರಳುವ ಅವಕಾಶವೇ ಹೋಗುತ್ತದೆ. ಹರಕೆ ಹೊರುವುದನ್ನು, ತಾಯತ ಕಟ್ಟಿಸಿಕೊಳ್ಳುವುದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಮನಸ್ಸಿನ ತೊಂದರೆ ಎಂದರೆ ಆತ್ಮದ ತೊಂದರೆ, ಅದಕ್ಕೆ ಮಾತ್ರೆ ನಾಟುವುದಿಲ್ಲ ಎಂಬ ಎಣಿಕೆ ಆಸ್ತಿಕ ದರ್ಶನಗಳ ಪ್ರಕಾರವೂ ತಪ್ಪು ಎಂದು ಹೇಳುತ್ತಿದ್ದೇನೆ.

ಆತ್ಮವನ್ನು ಪ್ರಯೋಗದಿಂದ ಹಿಡಿಯುವ ಪ್ರಯತ್ನಗಳೂ ಹಳೆಯವೇ. ಪಾಲಿ ಭಾಷೆಯ ಬೌದ್ಧ ಗ್ರಂಥ ದೀಘನಿಕಾಯದಲ್ಲಿ, ಪರಲೋಕವಿಲ್ಲ ಎನ್ನುತ್ತಿದ್ದ ಪಾಯಾಸಿ ಎಂಬ ಅಧಿಪತಿಯ ಭಯಂಕರ ಕಥೆಯಿದೆ. ಅವನು ಕಳ್ಳನೊಬ್ಬನನ್ನು ಜೀವಂತವಾಗಿ ಹಂಡೆಯಲ್ಲಿ ಹಾಕಿಸಿ, ಬಾಯಿಗೆ ತೊಗಲು ಬಿಗಿಸಿ, ಮೇಲೆ ಮಣ್ಣು ಮೆತ್ತಿಸಿ, ಒಲೆಯ ಮೇಲೆ ಇಡಿಸುತ್ತಾನೆ. ಸತ್ತನೆಂದು ತಿಳಿದ ಮೇಲೆ ಮೆಲ್ಲನೆ ಬಾಯಿ ಬಿಚ್ಚಿಸಿ ಜೀವ ಹೊರಗೆ ಹೋಗುವುದು ಕಾಣುತ್ತದೆಯೇ ಎಂದು ನೋಡುತ್ತಾನೆ, ಏನೂ ಕಾಣುವುದಿಲ್ಲ. ಇನ್ನೊಬ್ಬನನ್ನು ಬದುಕಿದ್ದಾಗ ಒಮ್ಮೆ, ಕೊಂದ ಮೇಲೆ ಒಮ್ಮೆ ತೂಗಿಸುತ್ತಾನೆ. ತೂಕ ಕಡಿಮೆಯಾಗುವ ಬದಲು ಹೆಚ್ಚಾಗಿರುತ್ತದೆ. ಭಿಕ್ಷು ಕುಮಾರ ಕಸ್ಸಪನು ಕೊಡುವ ಉತ್ತರ ಗಮನಾರ್ಹವಾದದ್ದು: ನೀನು ಮಧ್ಯಾಹ್ನ ನಿದ್ದೆಯಲ್ಲಿ ತೋಟ, ಕೆರೆಗಳನ್ನು ಕನಸು ಕಾಣುವಾಗ ಪಕ್ಕದಲ್ಲಿದ್ದ ದಾಸಿಯರಿಗೆ ನಿನ್ನ ಜೀವ ಹೋಗಿ ಬಂದದ್ದು ಕಂಡಿತೇ? ಬದುಕಿದವನದೇ ಕಾಣದಿದ್ದರೆ ಸತ್ತವನದು ಕಾಣಬೇಕೆಂದು ಹೇಗೆ ಕೇಳುತ್ತೀ? ಅಮೆರಿಕದ ವೈದ್ಯ ಡಂಕನ್ ಮ್ಯಾಕ್‌ಡೂಗಲ್ ಸಾಯುತ್ತಿದ್ದ ಆರು ಮಂದಿಯನ್ನು ತಕ್ಕಡಿಯ ಮೇಲೆ ಮಲಗಿಸಿ, ಒಬ್ಬರಲ್ಲಿ ಕಂಡ 21 ಗ್ರಾಂ ಇಳಿಕೆಯನ್ನು 1907ರಲ್ಲಿ ಆತ್ಮದ ತೂಕವೆಂದು ಪ್ರಚಾರ ಮಾಡಿದ್ದು ಪಾಯಾಸಿಯ ತಪ್ಪನ್ನೇ ಆಸ್ತಿಕನ ಕಡೆಯಿಂದ ಮಾಡಿದಂತೆ. ತೂಗಬಹುದಾದದ್ದು ಆತ್ಮವಲ್ಲ ಎಂದು ನಂಬಿದವರಿಗೆ ಆ 21 ಗ್ರಾಂ ಸಿಕ್ಕರೂ ಲಾಭವಿಲ್ಲ, ಸಿಗದಿದ್ದರೂ ನಷ್ಟವಿಲ್ಲ.

ಹಾಗೆಂದು ನಂಬಿಕೆಯ ಪರವಾದ ಎಲ್ಲ ವಾದಗಳೂ ಉಳಿದಿವೆ ಎನ್ನಲಾಗದು. ಆಗತಾನೇ ಹುಟ್ಟಿದ ಕೂಸು ಮೊಲೆಗೆ ಬಾಯಿ ಹಾಕುತ್ತದೆ, ಯಾರೂ ಕಲಿಸಿಲ್ಲ, ಆದ್ದರಿಂದ ಅದು ಹಿಂದಿನ ಜನ್ಮದ ಅಭ್ಯಾಸ ಎಂದು ತರ್ಕಶಾಸ್ತ್ರದ ಹಳೆಯ ಗ್ರಂಥ ನ್ಯಾಯಸೂತ್ರ ವಾದಿಸುತ್ತದೆ. ಅಂದಿನ ಮಟ್ಟಿಗೆ ಅದು ಬಲವಾದ ತರ್ಕ. ಪ್ರಾಣಿಗಳ ಸಹಜ ಪ್ರತಿವರ್ತನೆಗಳು ವಂಶವಾಹಿಗಳ ಮೂಲಕ ಇಳಿದು ಬರುತ್ತವೆ ಎಂಬುದು ತಿಳಿದ ಮೇಲೆ ಅದು ನಿಲ್ಲುವುದಿಲ್ಲ. ಪುನರ್ಜನ್ಮವನ್ನು ನಂಬುವವರು ಬೇರೆ ಆಧಾರ ಹುಡುಕಬೇಕು.

ಕೇಳಿದ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟವನು ಬುದ್ಧ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾ ದಂಡೆಯ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಲ್ಲಿ ಮಹಾಸ್ತೂಪದ ಅವಶೇಷಗಳು ಸಿಕ್ಕು, ಬ್ರಾಹ್ಮಿಯಲ್ಲಿ ಹೆಸರು ಕೆತ್ತಿದ ಅಶೋಕನ ಶಿಲ್ಪ ಹೊರಬಂದಾಗ ಎಲ್ಲರ ಗಮನ ಆ ಅರಸನ ಮೇಲೆ ಹೋಯಿತು. ಅಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದ ಭಿಕ್ಷುಗಳು ಏನನ್ನು ನಂಬುತ್ತಿದ್ದರು ಎಂಬುದೂ ಅಷ್ಟೇ ಮುಖ್ಯ. ಜೀವವೂ ದೇಹವೂ ಒಂದೆಯೋ, ಜೀವ ಬೇರೆ ದೇಹ ಬೇರೆಯೋ ಎಂಬುದು ಬುದ್ಧನು ಉತ್ತರಿಸದೆ ಬಿಟ್ಟ ಪ್ರಶ್ನೆಗಳ ಪಟ್ಟಿಯಲ್ಲಿಯೇ ಇದೆ. ಅವನ ಪ್ರಕಾರ ರೂಪ (ದೇಹ), ವೇದನೆ (ಸುಖದುಃಖಗಳ ಅನುಭವ), ಸಂಜ್ಞೆ (ಗುರುತಿಸುವಿಕೆ), ಸಂಸ್ಕಾರ (ಮನಸ್ಸಿನ ಒಲವುಗಳು), ವಿಜ್ಞಾನ (ಅರಿವು) ಎಂಬ ಐದು ರಾಶಿಗಳ ಹರಿವಿದೆ, ಅವುಗಳ ಹಿಂದೆ ಯಜಮಾನನೊಬ್ಬನಿಲ್ಲ. ಕರ್ಮವಿದೆ, ಮರುಹುಟ್ಟು ಇದೆ, ಆತ್ಮವಿಲ್ಲ. ಆತ್ಮವನ್ನು ನಿರಾಕರಿಸಿದರೆ ಧರ್ಮವೇ ಬಿದ್ದುಹೋಗುತ್ತದೆ ಎನ್ನುವವರಿಗೆ ಸನ್ನತಿಯ ಕಲ್ಲುಗಳೇ ಉತ್ತರ.

ದೇಹದ ಬಗ್ಗೆ ತಾತ್ಸಾರವೂ ನಂಬಿಕೆಗೆ ಅಗತ್ಯವಲ್ಲ. ಯಾದಗಿರಿ ಜಿಲ್ಲೆಯ ಮುದನೂರಿನ ಜೇಡರ ದಾಸಿಮಯ್ಯನು ಒಂದು ವಚನದಲ್ಲಿ ‘ನಡುವೆ ಸುಳಿವ ಆತ್ಮನು ಹೆಣ್ಣೂ ಅಲ್ಲ, ಗಂಡೂ ಅಲ್ಲ’ ಎಂದು ಆತ್ಮವನ್ನು ದೇಹದ ಗುರುತುಗಳಿಂದ ಬಿಡಿಸುತ್ತಾನೆ. ಅವನೇ ಇನ್ನೊಂದರಲ್ಲಿ ‘ಒಡಲುಗೊಂಡವ ಹಸಿವ, ಒಡಲುಗೊಂಡವ ಹುಸಿವ’ ಎಂದು ಆರಂಭಿಸಿ, ನೀನೂ ನನ್ನಂತೆ ಒಮ್ಮೆ ಒಡಲುಗೊಂಡು ನೋಡು ಎಂದು ತನ್ನ ರಾಮನಾಥನಿಗೇ ಸವಾಲು ಹಾಕುತ್ತಾನೆ. ನಾನು ಈ ಎರಡನೆಯ ವಚನವನ್ನು ತತ್ವಶಾಸ್ತ್ರದ ಗಂಭೀರವಾದ ಮಾತೆಂದೇ ಓದುತ್ತೇನೆ. ಹಸಿವನ್ನು ಹೊರಗಿನಿಂದ ಎಷ್ಟು ಬಲ್ಲವನಾದರೂ, ಅವನು ಸರ್ವಜ್ಞನೇ ಆದರೂ, ಹಸಿಯುವ ಮೈ ಇಲ್ಲದಿದ್ದರೆ ಅವನಿಗೆ ಒಂದು ಅರಿವು ಕಡಿಮೆ ಎಂಬ ವಾದ ಅದರಲ್ಲಿದೆ. ಅಮೆರಿಕದ ತತ್ವಜ್ಞಾನಿ ಥಾಮಸ್ ನೇಗಲ್ 1974ರಲ್ಲಿ, ಬಾವಲಿಯ ಮೆದುಳನ್ನು ಪೂರ್ತಿ ಅರಿತರೂ ಬಾವಲಿಯಾಗಿರುವುದು ಹೇಗಿರುತ್ತದೆ ಎಂಬುದು ನಮಗೆ ತಿಳಿಯದು ಎಂದು ವಾದಿಸಿದಾಗ, ಅದು ಇದೇ ದಾರಿಯಲ್ಲಿ ನಡೆದಿತ್ತು. ಬಸವಕಲ್ಯಾಣದ ಶರಣರು ದೇಹವನ್ನೇ ದೇಗುಲವೆಂದರು, ಲಿಂಗವನ್ನು ಮೈಮೇಲೆ ಧರಿಸಿದರು, ಸತ್ತ ಮೇಲೂ ದೇಹವನ್ನು ಸುಡದೆ ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಮಣ್ಣು ಮಾಡುವುದು ಲಿಂಗಾಯತರಲ್ಲಿ ಇಂದಿಗೂ ರೂಢಿ.

ಕಲಬುರಗಿಯ ಖ್ವಾಜಾ ಬಂದೇನವಾಜರು 1422ರಲ್ಲಿ ತೀರಿಕೊಂಡರು. ಅವರು ಸೇರಿದ್ದ ಸೂಫಿ ಪರಂಪರೆಯಲ್ಲಿ ಕೆಳಕ್ಕೆ ಎಳೆಯುವ ನಫ್ಸ್, ಅರಿಯುವ ಕಲ್ಬ್, ದೇವರ ಕಡೆಯಿಂದ ಬಂದ ರೂಹ್ ಎಂಬ ವಿಭಾಗವಿದೆ. ಸಾಧನೆ ನಡೆಯುವುದು ನಫ್ಸ್ ಅನ್ನು ಪಳಗಿಸುವುದರಲ್ಲಿ. ರೂಹ್ ಎಂದರೇನು ಎಂದು ಕೇಳಿದವರಿಗೆ, ಅದು ನನ್ನ ಪ್ರಭುವಿನ ಆಜ್ಞೆಗೆ ಸೇರಿದ್ದು, ನಿಮಗೆ ಕೊಟ್ಟಿರುವ ಜ್ಞಾನ ಸ್ವಲ್ಪವೇ ಎಂದು ಹೇಳುವಂತೆ ಕುರಾನಿನ ಹದಿನೇಳನೆಯ ಅಧ್ಯಾಯ ಸೂಚಿಸುತ್ತದೆ. ಅಂತಿಮ ದಿನದಲ್ಲಿ ಏಳುವುದು ಬರಿಯ ರೂಹ್ ಅಲ್ಲ, ದೇಹ ಸಹಿತನಾದ ಮನುಷ್ಯ ಎಂಬುದು ಮುಸ್ಲಿಮರ ಮತ್ತು ಕ್ರೈಸ್ತರ ಮುಖ್ಯ ನಂಬಿಕೆ. ಈ ಕಾರಣಕ್ಕೆ ಪೀಟರ್ ವ್ಯಾನ್ ಇನ್ವಾಗನ್ ಅವರಂಥ ಕ್ರೈಸ್ತ ತತ್ವಜ್ಞಾನಿಗಳು ಮನುಷ್ಯನು ಪೂರ್ತಿ ಭೌತಿಕನೇ ಎಂದು ಒಪ್ಪಿಯೂ ಪುನರುತ್ಥಾನವನ್ನು ನಂಬಿದ್ದಾರೆ.

ಇನ್ನು ಭೌತವಾದದ ಸ್ಥಿತಿ. ಮೆದುಳಿನ ಈ ಭಾಗ ಕೆಟ್ಟರೆ ಈ ಶಕ್ತಿ ಹೋಗುತ್ತದೆ ಎಂದು ತೋರಿಸುವುದು ಒಂದು ಕೆಲಸ, ನರಕೋಶಗಳ ವಿದ್ಯುತ್ತು ಏಕೆ ನೋವಾಗಿ ಅನುಭವಕ್ಕೆ ಬರುತ್ತದೆ ಎಂದು ವಿವರಿಸುವುದು ಇನ್ನೊಂದು ಕೆಲಸ. ಜರ್ಮನಿಯ ತತ್ವಜ್ಞಾನಿ ಲೈಬ್ನಿಟ್ಸ್ 1714ರಲ್ಲಿ, ಯೋಚಿಸುವ ಯಂತ್ರವೊಂದನ್ನು ಗಿರಣಿಯಷ್ಟು ದೊಡ್ಡದು ಮಾಡಿ ಅದರೊಳಗೆ ಹೊಕ್ಕು ನಡೆದಾಡಿದರೂ ಒಂದನ್ನೊಂದು ತಳ್ಳುವ ಭಾಗಗಳು ಕಾಣುತ್ತವೆಯೇ ಹೊರತು ಅರಿವು ಎಲ್ಲಿಯೂ ಕಾಣುವುದಿಲ್ಲ ಎಂದನು. ತತ್ವಜ್ಞಾನಿ ಡೇವಿಡ್ ಚಾಮರ್ಸ್ 1995ರಲ್ಲಿ ಇದನ್ನೇ ಅರಿವಿನ ಕಠಿಣ ಸಮಸ್ಯೆ ಎಂದು ಕರೆದರು. ಅರಿವಿಗೆ ಕಾರಣವಾದ ನರವ್ಯೂಹದ ಗುರುತು 25 ವರ್ಷಗಳಲ್ಲಿ ಸ್ಪಷ್ಟವಾಗಿ ಸಿಗುತ್ತದೆ ಎಂದು ನರವಿಜ್ಞಾನಿ ಕ್ರಿಸ್ಟೋಫ್ ಕಾಕ್ 1998ರಲ್ಲಿ ಚಾಮರ್ಸ್ ಜೊತೆ ಪಂಥ ಕಟ್ಟಿದ್ದರು. 2023ರಲ್ಲಿ ಎಲ್ಲರೆದುರು ಸೋಲೊಪ್ಪಿಕೊಂಡು ದ್ರಾಕ್ಷಾರಸದ ಬಾಟಲಿಗಳನ್ನು ಕೊಟ್ಟರು. ಇದರಿಂದ ಆತ್ಮ ಇದೆಯೆಂದು ಸಿದ್ಧವಾಗುವುದಿಲ್ಲ. ಚಾಮರ್ಸ್ ಅವರ ವಾದಕ್ಕೂ ಧರ್ಮಶ್ರದ್ಧೆಗೂ ಸಂಬಂಧವಿಲ್ಲ. ಸ್ವಯಂಬುದ್ಧನು ಎತ್ತಿದ ಆಕ್ಷೇಪದ ತಿರುಳು ಇನ್ನೂ ಕರಗಿಲ್ಲ ಎಂಬುದಷ್ಟೇ ಸಿದ್ಧವಾಗುತ್ತದೆ. ಧ್ಯಾನ ಅಥವಾ ಪ್ರಾರ್ಥನೆ ಮಾಡುವವರ ಮೆದುಳಿನ ಚಿತ್ರ ತೆಗೆದು ದೇವರು ಸಿಕ್ಕ ಅಥವಾ ದೇವರು ಸುಳ್ಳಾದ ಎಂದು ಬರೆಯುವ ವರದಿಗಳಿಗೂ ಇದೇ ಮಿತಿಯಿದೆ. ಮಗ್ಗಿ ಹೇಳುವಾಗಲೂ ಮೆದುಳಿನಲ್ಲಿ ಚಟುವಟಿಕೆ ನಡೆಯುತ್ತದೆ, ಅದರಿಂದ ಮಗ್ಗಿ ಸುಳ್ಳಾಗುವುದಿಲ್ಲ.

ಆಸ್ತಿಕರ ಪರವಾಗಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1898ರಲ್ಲಿ ಒಂದು ದಾರಿ ತೋರಿಸಿದರು. ಮೆದುಳು ಅರಿವನ್ನು ಹುಟ್ಟಿಸುತ್ತಿರಬಹುದು, ಇಲ್ಲವೇ ಬೇರೆ ಕಡೆಯಿಂದ ಬರುವ ಅರಿವನ್ನು ಬಣ್ಣದ ಗಾಜು ಬೆಳಕನ್ನು ಬಿಡುವಂತೆ ತನ್ನ ಮೂಲಕ ಬಿಡುತ್ತಿರಲೂಬಹುದು. ಗಾಜು ಒಡೆದರೆ ಬೆಳಕು ಕೆಟ್ಟಂತೆ ಕಾಣುತ್ತದೆ, ಬೆಳಕಿಗೆ ಏನೂ ಆಗಿರುವುದಿಲ್ಲ. ತರ್ಕದಲ್ಲಿ ಇದು ಅಸಾಧ್ಯವಲ್ಲ. ಆದರೆ ಇದಕ್ಕೆ ಕೊಡಬೇಕಾದ ಬೆಲೆಯನ್ನು ಹಲವರು ಗಮನಿಸುವುದಿಲ್ಲ. ಮಾತು ಮೆದುಳಿನದು, ನೆನಪು ಮೆದುಳಿನದು, ಸಿಟ್ಟು ಸೈರಣೆಗಳೂ ಮೆದುಳಿನವು ಎಂದು ಒಂದೊಂದನ್ನೇ ಒಪ್ಪುತ್ತಾ ಬಂದರೆ, ಕೊನೆಗೆ ಗಾಜಿನ ಆಚೆ ಉಳಿಯುವ ಬೆಳಕಿಗೆ ಹೆಸರಿಲ್ಲ, ಊರಿಲ್ಲ, ತಾಯಿ ತಂದೆಯ ನೆನಪಿಲ್ಲ. ಅದ್ವೈತಿಗೆ ಇದರಿಂದ ಕಷ್ಟವಿಲ್ಲ, ಹೆಸರು ರೂಪಗಳು ಕಳಚಿಹೋಗುವುದನ್ನೇ ಅವನು ಮೋಕ್ಷವೆನ್ನುತ್ತಾನೆ. ಮರುಹುಟ್ಟನ್ನು ವಿವರಿಸಬೇಕಾದಾಗ ಮಾತ್ರ ಅವನು ವಾಸನೆಗಳನ್ನು, ಅಂದರೆ ಹಿಂದಿನ ಕರ್ಮಗಳು ಬಿಟ್ಟ ಅಚ್ಚುಗಳನ್ನು, ಹೊತ್ತು ಸಾಗುವ ಸೂಕ್ಷ್ಮಶರೀರವನ್ನು ಕರೆತರುತ್ತಾನೆ, ಆ ಶರೀರಕ್ಕೆ ಪ್ರತ್ಯಕ್ಷದ ಆಧಾರವಿಲ್ಲ, ಶಾಸ್ತ್ರದ ಆಧಾರವಷ್ಟೇ ಇದೆ ಎಂದು ಪ್ರಾಮಾಣಿಕವಾಗಿ ಹೇಳಬೇಕಾಗುತ್ತದೆ. ದ್ವೈತಿಯ ಮಾತು ಬೇರೆ. ಮಳಖೇಡದಲ್ಲಿ ಭಕ್ತರು ಆರಾಧಿಸುವ ಟೀಕಾಚಾರ್ಯ ಜಯತೀರ್ಥರ ಪರಂಪರೆಯಲ್ಲಿ ಪ್ರತಿಯೊಂದು ಜೀವವೂ ತನ್ನದೇ ಸ್ವರೂಪ, ತನ್ನದೇ ಸಾಕ್ಷಿ ಉಳ್ಳದ್ದು, ಮೋಕ್ಷದಲ್ಲೂ ಅದು ಇನ್ನೊಂದರಲ್ಲಿ ಕರಗುವುದಿಲ್ಲ. ಸತ್ತ ತಾಯಿಯನ್ನು ಮತ್ತೆ ಕಾಣಬೇಕು, ಅವಳು ತನ್ನನ್ನು ಗುರುತಿಸಬೇಕು ಎಂದು ಬಯಸುವವನಿಗೆ ಜೇಮ್ಸ್ ತೋರಿಸಿದ ಬೆಳಕು ಸಾಲದು. ಅವನು ದ್ವೈತಿಯಂತೆ ಗುರುತು ಅಳಿಯದ ಜೀವವನ್ನು ನಂಬಬೇಕು, ಇಲ್ಲವೇ ದರ್ಗಾದ ಅಂಗಳದಲ್ಲಿ ಫಾತಿಹಾ ಓದುವವರಂತೆ ದೇಹವನ್ನೇ ಮತ್ತೆ ಎಬ್ಬಿಸಬಲ್ಲ ದೇವರನ್ನು ನಂಬಬೇಕು.